ಹೆಗಲು ಕೊಡುವವನ ಕೆಲಸ: ನಿಮ್ಮ ಪ್ರಶ್ನೆ, ಹಳೇ ಪ್ರಾಪ್‌ನ ಉತ್ತರ

ಕಳೆದ ಸಂಚಿಕೆಯಲ್ಲಿ ರಗ್ಬಿ ಸ್ಕ್ರಮ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೇಳಿದ್ದು ಒಂದೇ: ಆ ದಪ್ಪಗಿರುವವರು ಅಲ್ಲಿ ಏನು ಮಾಡ್ತಾರೆ? ಹದಿನಾಲ್ಕು ವರ್ಷ ನಾನೂ ಆ ದಪ್ಪಗಿರುವವರಲ್ಲಿ ಒಬ್ಬ. ಬೆನ್ನ ಮೇಲೆ 3ನೇ ನಂಬರ್. ದೊಡ್ಡ ಹೆಸರೇನೂ ಮಾಡಲಿಲ್ಲ. ಕೆಳಗಿನ ದರ್ಜೆಯ ಕ್ಲಬ್‌ಗಳಲ್ಲಿ ಸಂಬಳಕ್ಕೆ ಆಡಿದೆ, ದೇಶದ ಅಂಗಿ ಸಿಗಲಿಲ್ಲ. ಈಗ ಹುಡುಗರಿಗೆ ಸ್ಕ್ರಮ್ ಹೇಳಿಕೊಡುತ್ತೇನೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಪ್ರಾಪ್‌ಗಳಿಗೆ.

ಪ್ರಶ್ನೆ: ಮೊದಲ ಸಲ ಟಿ.ವಿ.ಯಲ್ಲಿ ರಗ್ಬಿ ನೋಡಿದೆ. ಹದಿನಾರು ಜನ ತಲೆ ತಗ್ಗಿಸಿ ಗುದ್ದುತ್ತಾರೆ, ಕುಸಿದು ಬೀಳುತ್ತಾರೆ, ರೆಫರಿ ಸೀಟಿ ಊದುತ್ತಾನೆ. 1 ಮತ್ತು 3ನೇ ನಂಬರಿನವರ ಕೆಲಸ ನಿಜವಾಗಿ ಏನು ಸಾರ್?

ಉತ್ತರ: ಚೆಂಡು ಕೈತಪ್ಪಿ ಮುಂದೆ ಬಿದ್ದರೆ, ಇಲ್ಲವೇ ಯಾರಾದರೂ ಮುಂದಕ್ಕೆ ಪಾಸ್ ಕೊಟ್ಟರೆ ಆಟ ನಿಲ್ಲುತ್ತದೆ. ಮತ್ತೆ ಶುರು ಮಾಡುವುದಕ್ಕೆ ಸ್ಕ್ರಮ್. ಎರಡೂ ಕಡೆ ಎಂಟೆಂಟು ಜನ. ಮುಂದಿನ ಸಾಲಿನಲ್ಲಿ ಮೂವರು. ನಡುವಿನವನು ಹುಕರ್, ಕಾಲಿನಲ್ಲಿ ಚೆಂಡನ್ನು ಹಿಂದಕ್ಕೆ ಎಳೆಯುವವನು. ಅವನ ಎಡಕ್ಕೂ ಬಲಕ್ಕೂ ಒಬ್ಬೊಬ್ಬ ಪ್ರಾಪ್. ಪ್ರಾಪ್ ಅಂದರೆ ಆನಿಕೆ. ವಾಲಿದ ಗೋಡೆಗೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುತ್ತೇವಲ್ಲ, ಅದೇ.

ನಮ್ಮ ಹಿಂದೆ ಐದು ಜನ ತಳ್ಳುತ್ತಿರುತ್ತಾರೆ. ಅವರ ಬಲವೆಲ್ಲ ನಮ್ಮ ಬೆನ್ನಿನ ಮೂಲಕವೇ ಎದುರಿನವನಿಗೆ ತಲುಪಬೇಕು. ಬೆನ್ನು ಚೂರು ಬಾಗಿತೋ, ತೂತು ಬಿದ್ದ ಬಿಂದಿಗೆ ಹಾಗೆ ಎಲ್ಲ ಸೋರಿಹೋಗುತ್ತದೆ. ಅದಕ್ಕೇ ನಾನು ಹುಡುಗರಿಗೆ ಹೇಳುವ ಮೊದಲ ಮಾತು: ತಳ್ಳೋದು ಆಮೇಲೆ, ಮೊದಲು ಬೆನ್ನು ಹಲಗೆ ಥರ ಇಟ್ಕೊಳ್ಳೋದು ಕಲಿ.

ರೆಫರಿ ಮೂರು ಮಾತು ಕೂಗುತ್ತಾನೆ: ಕ್ರೌಚ್, ಬೈಂಡ್, ಸೆಟ್. ಮೊದಲನೆಯದಕ್ಕೆ ಬಗ್ಗಬೇಕು. ಎರಡನೆಯದಕ್ಕೆ ಎದುರಿನವನ ಅಂಗಿಯನ್ನು ಹೊರಗಿನ ಕೈಯಲ್ಲಿ ಗಟ್ಟಿಯಾಗಿ ಹಿಡಿಯಬೇಕು. ಆ ಹೊತ್ತಿಗೆ ಅವನ ಕಿವಿ ನಿಮ್ಮ ಕಿವಿಗೆ ಉಜ್ಜುತ್ತಿರುತ್ತದೆ. ಅವನು ಹಚ್ಚಿಕೊಂಡ ವ್ಯಾಸಲೀನ್ ವಾಸನೆ, ಒದ್ದೆ ಹುಲ್ಲು, ಹಿಂದಿನವನ ಏದುಸಿರು. ಒಂದೆರಡು ಸೆಕೆಂಡ್ ಅಷ್ಟೇ, ಆದರೆ ಉದ್ದ ಅನ್ನಿಸುತ್ತದೆ. ಆಮೇಲೆ 'ಸೆಟ್', ಎರಡೂ ಸಾಲು ಹೆಗಲಿಗೆ ಹೆಗಲು ಕೊಟ್ಟು ಕೂಡುತ್ತವೆ. ಈ ಕ್ರಮ ಬಂದಿದ್ದು 2013ರಲ್ಲಿ. ಅದಕ್ಕೆ ಮೊದಲು ದೂರದಿಂದ ನುಗ್ಗಿ ಢಿಕ್ಕಿ ಹೊಡೆಯುತ್ತಿದ್ದೆವು. ಈಗ ಮೊದಲೇ ಹಿಡಿದುಕೊಂಡಿರುವುದರಿಂದ ಆ ಮೊದಲ ಹೊಡೆತ ಕಡಿಮೆ. ನನ್ನ ಕತ್ತು ಈ ನಿಯಮ ಮಾಡಿದವರನ್ನು ದಿನಾ ನೆನೆಯುತ್ತದೆ.

ಪ್ರಶ್ನೆ: 1 ಮತ್ತು 3 ಇಬ್ಬರೂ ಪ್ರಾಪ್. ಹಾಗಾದರೆ ವ್ಯತ್ಯಾಸ ಏನು? ಯಾರ ಕೆಲಸ ಕಷ್ಟ?

ಉತ್ತರ: 3ನೇ ನಂಬರಿನವನನ್ನು ಕೇಳಿದ್ದೀರಿ, ಉತ್ತರ ಗೊತ್ತೇ ಇದೆ ಅಲ್ವಾ!

1ನೇ ನಂಬರ್ ಲೂಸ್‌ಹೆಡ್. ಅವನ ತಲೆಯ ಎಡಭಾಗ ಹೊರಗೆ, ಗಾಳಿಯಲ್ಲಿ. ಬಲ ಹೆಗಲಿಗೆ ಮಾತ್ರ ಎದುರಾಳಿ. 3ನೇ ನಂಬರ್ ಟೈಟ್‌ಹೆಡ್. ಅವನ ತಲೆ ಎದುರು ತಂಡದ ಲೂಸ್‌ಹೆಡ್ ಮತ್ತು ಹುಕರ್ ನಡುವೆ ಸಿಕ್ಕಿಕೊಂಡಿರುತ್ತದೆ. ಎರಡು ಹೆಗಲಿಗೂ ಭಾರ. ಲೂಸ್‌ಹೆಡ್ ಕೆಳಗಿನಿಂದ ನುಸುಳಿ ಏಳಿಸಲು ನೋಡುತ್ತಾನೆ, ಟೈಟ್‌ಹೆಡ್ ಅಲುಗಾಡದೆ ನಿಲ್ಲಬೇಕು. ಇವನು ಕುಸಿದರೆ ಇಡೀ ಸ್ಕ್ರಮ್ ಕುಸಿಯಿತು. ಒಂದು ಕಡೆ ಆಡಿದವನು ಇನ್ನೊಂದು ಕಡೆ ಸಲೀಸಾಗಿ ಆಡುತ್ತಾನೆ ಅಂದುಕೊಳ್ಳಬೇಡಿ. ಬಲಗೈಯವನಿಗೆ ಎಡಗೈಯಲ್ಲಿ ಬರೆ ಅಂದ ಹಾಗೆ ಅದು.

ಇದನ್ನು ನಾನು ಪುಸ್ತಕದಲ್ಲಿ ಕಲಿತದ್ದಲ್ಲ. ನನಗೆ 21 ವರ್ಷ, ತೂಕ 118 ಕೆ.ಜಿ., ಜಿಮ್‌ನಲ್ಲಿ ನನ್ನಷ್ಟು ಕಬ್ಬಿಣ ಎತ್ತುವವರು ಕ್ಲಬ್ಬಿನಲ್ಲೇ ಇರಲಿಲ್ಲ. ಹಿರಿಯರ ತಂಡದಲ್ಲಿ ಮೊದಲ ಪಂದ್ಯ. ಎದುರಿಗೆ ಬಂದ ಲೂಸ್‌ಹೆಡ್‌ಗೆ ನಲವತ್ತರ ಆಸುಪಾಸು. ಬೋಳು ತಲೆ, ಮುಂದೆ ಬಂದ ಹೊಟ್ಟೆ, ಒಂದು ಮೊಣಕಾಲಿಗೆ ಪಟ್ಟಿ. ವಾರವಿಡೀ ಲಾರಿ ಓಡಿಸುವ ಮನುಷ್ಯ. ಇವತ್ತು ಇವನ ಕಥೆ ಮುಗೀತು ಅಂದುಕೊಂಡೆ.

ಮೊದಲ ಸ್ಕ್ರಮ್‌ನಲ್ಲಿ ಅವನು ಏನೂ ಮಾಡಲಿಲ್ಲ. ಸುಮ್ನೆ ಒರಗಿಕೊಂಡು ನನ್ನ ತೂಕ ನೋಡಿದ. ಎರಡನೆಯದರಲ್ಲಿ ಎರಡಿಂಚು ಕೆಳಗಿಳಿದ. ಅವನ ಬೋಳು ತಲೆ ನನ್ನ ಎದೆಗೂಡಿನ ನಡುವಿನ ಮೂಳೆಗೆ ಬಂದು ಕೂತಿತು. ಆಮೇಲೆ ನಿಧಾನವಾಗಿ, ಜಾಕ್ ಹಾಕಿ ಗಾಡಿ ಎತ್ತುವ ಹಾಗೆ ಎತ್ತಿದ. ನನ್ನ ಎರಡೂ ಕಾಲು ನೆಲ ಬಿಟ್ಟವು. ನಾನು ಗಾಳಿಯಲ್ಲಿ ಹಿಂದಕ್ಕೆ ಹೋಗುತ್ತಿದ್ದರೆ ಕೆಳಗಿನಿಂದ ಅವನ ದನಿ: "ಕಾಲು ನೋಡ್ಕೋ ತಮ್ಮಾ."

ಪಂದ್ಯ ಮುಗಿದ ಮೇಲೆ ಅವನೇ ಬಂದ. ಬಟ್ಟೆ ಬದಲಿಸುವ ಕೋಣೆಯ ಹೊರಗಿನ ಗೋಡೆಗೆ ಹೆಗಲು ಕೊಟ್ಟು ನಿಲ್ಲು ಅಂದ. ನಿಂತೆ. ಬೂಟಿನ ತುದಿಯಿಂದ ನನ್ನ ಪಾದವನ್ನು ಹಿಂದಕ್ಕೆ ಸರಿಸಿದ. "ಒಂದು ಅಂಗೈಯಷ್ಟು ಜಾಸ್ತಿ ಮುಂದಿದೆ. ಅದಕ್ಕೇ ಎದೆ ತೆರೆದುಕೊಳ್ಳುತ್ತೆ, ನಾನು ಒಳಗೆ ಬರ್ತೀನಿ." ಹತ್ತು ನಿಮಿಷದ ಪಾಠ. ಆ ಒಂದು ಅಂಗೈ ಅಳತೆ ನನ್ನ ಕಾಲಿಗೆ ತಾನಾಗಿ ಗೊತ್ತಾಗುವುದಕ್ಕೆ ಇನ್ನೂ ಐದು ವರ್ಷ ಬೇಕಾಯಿತು. ಪ್ರಾಪ್ ತಡವಾಗಿ ಹಣ್ಣಾಗುತ್ತಾನೆ ಅನ್ನೋದು ಇದಕ್ಕೇ. ಓಡುವ ಆಟಗಾರ 22ಕ್ಕೇ ಮಿಂಚಬಹುದು. ಪ್ರಾಪ್‌ಗೆ ಒಳ್ಳೆ ಕಾಲ ಬರುವುದು ಮೂವತ್ತರ ಹತ್ತಿರಕ್ಕೆ, ಅಷ್ಟು ಹೊತ್ತಿಗೆ ಅವನನ್ನು ಸಾಕಷ್ಟು ಜನ ಎತ್ತಿ ಬಿಸಾಕಿರುತ್ತಾರೆ.

ಪ್ರಶ್ನೆ: ಸ್ಕ್ರಮ್ ಕುಸಿದಾಗಲೆಲ್ಲ ಪೆನಾಲ್ಟಿ. ಯಾರ ತಪ್ಪು ಅಂತ ರೆಫರಿಗೆ ಹೇಗೆ ಗೊತ್ತಾಗುತ್ತೆ?

ಉತ್ತರ: ಎಷ್ಟೋ ಸಲ ಗೊತ್ತಾಗುವುದಿಲ್ಲ. ಅವನು ಮೊಣಕೈ ನೋಡುತ್ತಾನೆ, ನೆಲಕ್ಕೆ ತೋರಿಸುತ್ತಿದ್ದರೆ ಕೆಳಗೆ ಎಳೆಯುತ್ತಿದ್ದಾನೆ ಅಂತ. ಹೆಗಲು ಸೊಂಟಕ್ಕಿಂತ ಕೆಳಗಿಳಿಯಿತಾ ನೋಡುತ್ತಾನೆ. ನೇರ ತಳ್ಳದೆ ಓರೆಯಾಗಿ ಒಳಗೆ ಕೊರೆಯುತ್ತಿದ್ದಾನಾ ನೋಡುತ್ತಾನೆ. ಉಳಿದದ್ದು ಅಂದಾಜು. ಸೋಲುತ್ತಿರುವ ಪ್ರಾಪ್ ಬೇಕಂತಲೇ ಬೀಳುತ್ತಾನೆ, ಗೆಲ್ಲುತ್ತಿರುವವನೂ ಪೆನಾಲ್ಟಿ ಆಸೆಗೆ ಕೆಲವು ಸಲ ಬೀಳುತ್ತಾನೆ. ನಾನು ಎರಡನ್ನೂ ಮಾಡಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ 15. ಸ್ವಲ್ಪ ದಪ್ಪ, ಗಟ್ಟಿ ಹುಡುಗ. ಕೋಚ್ ಅವನನ್ನು ಪ್ರಾಪ್ ಮಾಡ್ತೀನಿ ಅಂತಿದ್ದಾರೆ. ಇದನ್ನೇ ಮುಂದೆ ವೃತ್ತಿ ಮಾಡಿಕೊಳ್ಳೋ ಆಸೆ ಅವನಿಗೆ. ನನಗೆ ಅವನ ಕತ್ತಿನದೇ ಭಯ. ಅಣ್ಣಾ, ನಿಮ್ಮ ಮಗನಾಗಿದ್ದರೆ ಕಳಿಸ್ತಿದ್ರಾ?

ಉತ್ತರ: ಅಮ್ಮಾ, ಸುಳ್ಳು ಸಮಾಧಾನ ಹೇಳುವುದಿಲ್ಲ. 2005ರಲ್ಲಿ ಇಂಗ್ಲೆಂಡಿನ 21 ವರ್ಷದೊಳಗಿನವರ ತಂಡದ ಅಭ್ಯಾಸದಲ್ಲಿ ಒಂದು ಸ್ಕ್ರಮ್ ಕುಸಿಯಿತು. ಮ್ಯಾಟ್ ಹ್ಯಾಂಪ್ಸನ್ ಅನ್ನುವ ಟೈಟ್‌ಹೆಡ್‌ನ ಕತ್ತು ಮುರಿಯಿತು. ಅವನಿಗೆ ಆಗ ಇಪ್ಪತ್ತು. ಕತ್ತಿನಿಂದ ಕೆಳಗೆ ಸ್ವಾಧೀನ ಹೋಯಿತು, ಉಸಿರಾಟಕ್ಕೂ ಯಂತ್ರ ಬೇಕಾಯಿತು. ಅವತ್ತು ರೆಫರಿಯಾಗಿದ್ದ ಟೋನಿ ಸ್ಪ್ರೆಡ್‌ಬರಿ ತುರ್ತು ಚಿಕಿತ್ಸೆಯ ತರಬೇತಿ ಇದ್ದವರು, ಅದರಿಂದ ಜೀವ ಉಳಿಯಿತು. ಹ್ಯಾಂಪ್ಸನ್ ಆಮೇಲೆ ತನ್ನ ಹೆಸರಿನಲ್ಲೇ ಒಂದು ಸಂಸ್ಥೆ ಕಟ್ಟಿದ. ಆಟದಲ್ಲಿ ದೊಡ್ಡ ಗಾಯವಾದ ಎಳೆಯರಿಗೆ ಅದು ನೆರವಾಗುತ್ತದೆ.

ಇಂಥದ್ದು ಅಪರೂಪ. ಆದರೆ ಅಪರೂಪ ಅನ್ನುವ ಮಾತಿನಿಂದ ತಾಯಿಗೆ ನಿದ್ದೆ ಬರುವುದಿಲ್ಲ, ಅದೂ ಗೊತ್ತು. ಹಾಗಾಗಿ ನೀವೇ ಹೋಗಿ ನೋಡಬೇಕಾದ್ದು ಹೇಳುತ್ತೇನೆ. 19ರೊಳಗಿನವರಿಗೆ ಬೇರೆ ನಿಯಮಗಳಿವೆ: ಸ್ಕ್ರಮ್‌ನಲ್ಲಿ ಒಂದೂವರೆ ಮೀಟರ್‌ಗಿಂತ ಹೆಚ್ಚು ತಳ್ಳುವಂತಿಲ್ಲ, ಬೇಕಂತ ತಿರುಗಿಸುವಂತಿಲ್ಲ. ನಿಮ್ಮ ಹುಡುಗ ಆಡುವಲ್ಲಿ ಅದನ್ನು ಪಾಲಿಸುತ್ತಾರಾ ನೋಡಿ. ಎದುರಿಗೆ ಎಂಟು ಜನರನ್ನು ನಿಲ್ಲಿಸುವುದಕ್ಕೆ ಮೊದಲು ಕೋಚ್ ಅವನಿಗೆ ಒಬ್ಬನ ಎದುರು ಒಬ್ಬ, ಆಮೇಲೆ ಮೂವರ ಎದುರು ಮೂವರು ಅಂತ ಹಂತಹಂತವಾಗಿ ಕಲಿಸುತ್ತಾನಾ? ಕತ್ತಿಗೆ ವ್ಯಾಯಾಮ ಇದೆಯಾ? ಇದಕ್ಕೆ ಯಂತ್ರ ಏನೂ ಬೇಡ. ನಾಲ್ಕು ಕಾಲಿನ ಮೇಲೆ ನಿಲ್ಲಬೇಕು, ಜೊತೆಗಾರ ತಲೆಯ ಪಕ್ಕಕ್ಕೆ ಅಂಗೈ ಇಟ್ಟು ಮೆಲ್ಲಗೆ ಒತ್ತಬೇಕು, ತಲೆ ಅಲುಗಬಾರದು. ನಾಲ್ಕು ದಿಕ್ಕಿನಿಂದಲೂ. ನೋಡುವವರಿಗೆ ಏನೂ ನಡೀತಿಲ್ಲ ಅನ್ನಿಸುತ್ತೆ, ಹುಡುಗನ ಮುಖ ಮಾತ್ರ ಕೆಂಪಾಗಿರುತ್ತೆ.

ಇನ್ನೊಂದು. ದಪ್ಪಗಿದ್ದಾನೆ ಅನ್ನುವುದೊಂದೇ ಕಾರಣಕ್ಕೆ ಮುಂದಿನ ಸಾಲಿಗೆ ಹಾಕುವ ಕೋಚ್ ನನಗೆ ಹಿಡಿಸುವುದಿಲ್ಲ. ದಕ್ಷಿಣ ಆಫ್ರಿಕಾಕ್ಕೆ 117 ಟೆಸ್ಟ್ (ದೇಶ ದೇಶಗಳ ನಡುವಿನ ಪಂದ್ಯ) ಆಡಿದ ಟೆಂಡಾಯ್ ಮ್ಟವರಿರಾ ಮೊದಲು ಸ್ಕ್ರಮ್‌ನ ಹಿಂದಿನ ಸಾಲಿನಲ್ಲಿ ಓಡಾಡಿ ಆಡುತ್ತಿದ್ದವನು, ದೊಡ್ಡವನಾದ ಮೇಲೆ ಪ್ರಾಪ್ ಆದ. ಹದಿನೈದಕ್ಕೇ ಹಣೆಪಟ್ಟಿ ಹಚ್ಚುವ ಅವಸರ ಏನಿಲ್ಲ. ಓಡಲಿ, ಚೆಂಡು ಹಿಡಿಯಲಿ, ಟ್ಯಾಕಲ್, ಅಂದರೆ ಎದುರಾಳಿಯನ್ನು ಹಿಡಿದು ಕೆಡವುವುದು, ಕಲಿಯಲಿ. ನನ್ನ ಮಗನನ್ನು ಕಳಿಸ್ತಿದ್ದೆನಾ? ಕಳಿಸ್ತಿದ್ದೆ. ಆದರೆ ಕೋಚ್ ಹೇಗೆ ಕಲಿಸುತ್ತಾನೆ ಅಂತ ಒಂದು ತಿಂಗಳು ಬೇಲಿ ಪಕ್ಕ ನಿಂತು ನೋಡಿದ ಮೇಲೆ.

ಪ್ರಶ್ನೆ: ಪ್ರಾಪ್ ಎಷ್ಟು ವರ್ಷ ಆಡಬಹುದು? ಸಂಪಾದನೆ ಹೇಗೆ? ನಿವೃತ್ತಿ ಆದ ಮೇಲೆ ಏನು ಗತಿ?

ಉತ್ತರ: ರಗ್ಬಿ ಯೂನಿಯನ್‌ನಲ್ಲಿ, ಅಂದರೆ ನಾವು ಮಾತಾಡುತ್ತಿರುವ ಈ ಬಗೆಯ ರಗ್ಬಿಯಲ್ಲಿ, ಸಂಬಳ ಅನ್ನುವುದು ಅಧಿಕೃತವಾಗಿ ಬಂದದ್ದೇ 1995ರ ಆಗಸ್ಟ್‌ನಲ್ಲಿ. ಅದಕ್ಕೆ ಮೊದಲು ದುಡ್ಡು ತಗೊಂಡು ಆಡುವಂತಿರಲಿಲ್ಲ. ಇಂಗ್ಲೆಂಡಿನ ಜೇಸನ್ ಲೆನರ್ಡ್ ಎರಡೂ ಕಾಲ ಕಂಡವನು. 1990ರಲ್ಲಿ ದೇಶದ ತಂಡಕ್ಕೆ ಬಂದಾಗ ಬಡಗಿ. ನಿವೃತ್ತಿಯಾದಾಗ, 2004ರಲ್ಲಿ, ಇಂಗ್ಲೆಂಡಿಗೆ 114 ಪಂದ್ಯ ಆಡಿದ್ದ. 2003ರ ವಿಶ್ವಕಪ್ ಫೈನಲ್ ನೆನಪಿದೆಯಾ? ಎಲ್ಲರಿಗೂ ನೆನಪಿರುವುದು ಇಂಗ್ಲೆಂಡನ್ನು ಗೆಲ್ಲಿಸಿದ ವಿಲ್ಕಿನ್ಸನ್‌ನ ಕೊನೆಯ ಒದೆ. ಅವತ್ತು ಸ್ಕ್ರಮ್‌ನಲ್ಲಿ ಇಂಗ್ಲೆಂಡ್ ಮೇಲೆ ಪೆನಾಲ್ಟಿ ಮೇಲೆ ಪೆನಾಲ್ಟಿ ಬೀಳುತ್ತಿತ್ತು. ಆಗ ಬೆಂಚಿನಿಂದ 35 ವರ್ಷದ ಲೆನರ್ಡ್ ಬಂದ, ಸ್ಕ್ರಮ್ ತಣ್ಣಗಾಯಿತು. ನನಗೆ ನೆನಪಿರುವುದು ಅದು.

ವಯಸ್ಸಿನ ಲೆಕ್ಕಕ್ಕೆ ಡ್ಯಾನ್ ಕೋಲ್ ಕಥೆ ಕೇಳಿ. 2019ರ ವಿಶ್ವಕಪ್ ಫೈನಲ್, ಇಂಗ್ಲೆಂಡ್–ದಕ್ಷಿಣ ಆಫ್ರಿಕಾ. ಮೂರನೇ ನಿಮಿಷಕ್ಕೇ ಇಂಗ್ಲೆಂಡಿನ ಟೈಟ್‌ಹೆಡ್ ಕೈಲ್ ಸಿಂಕ್ಲರ್ ಪ್ರಜ್ಞೆ ತಪ್ಪಿ ಹೊರಹೋದ. ಬೆಂಚಿನಲ್ಲಿದ್ದ ಕೋಲ್ ಉಳಿದಷ್ಟೂ ಹೊತ್ತು ಆಡಬೇಕಾಯಿತು. ಎದುರಿಗೆ ಮ್ಟವರಿರಾ. ಅವನು ದಣಿಯುವ ಹೊತ್ತಿಗೆ ದ್ವಿತೀಯಾರ್ಧದ ಶುರುವಿಗೇ ಸ್ಟೀವನ್ ಕಿಟ್ಸಾಫ್ ಅನ್ನುವ ಇನ್ನೊಬ್ಬ ಹೊಸ ಉಸಿರಿನವನು. ದಕ್ಷಿಣ ಆಫ್ರಿಕಾ ಇಬ್ಬಿಬ್ಬರು ಪ್ರಾಪ್‌ಗಳನ್ನು ಸರದಿಯಲ್ಲಿ ಇಳಿಸುತ್ತಿತ್ತು, ಇಲ್ಲಿ ಒಬ್ಬನೇ. ಸ್ಕ್ರಮ್‌ನಲ್ಲಿ ಪೆನಾಲ್ಟಿ, ಪೆನಾಲ್ಟಿಯಿಂದ ಅಂಕ, 32–12. ಲೋಕವೆಲ್ಲ ನೋಡುತ್ತಿರುವಾಗ ಕತ್ತು ಸಿಕ್ಕಿಸಿಕೊಂಡು ಹಿಂದಕ್ಕೆ ಹೋಗುವುದಿದೆಯಲ್ಲ, ಅದನ್ನು ಆಡದವರಿಗೆ ಹೇಳುವುದು ಕಷ್ಟ. ಓಡುವಾಗ ಚೆಂಡು ಕೈಬಿಟ್ಟವನು ಎರಡು ನಿಮಿಷದಲ್ಲಿ ಬೇರೇನಾದರೂ ಮಾಡಿ ಸರಿ ಮಾಡಿಕೊಳ್ಳುತ್ತಾನೆ. ಪ್ರಾಪ್ ಮತ್ತೆ ಹೋಗಿ ಅದೇ ಜಾಗದಲ್ಲಿ, ಅದೇ ಮನುಷ್ಯನ ಎದುರು ಬಗ್ಗಬೇಕು.

ಅದಾದ ಮೇಲೆ ಕೋಲ್‌ಗೆ ಮೂರು ವರ್ಷಕ್ಕೂ ಮೇಲೆ ದೇಶದ ಕರೆ ಬರಲಿಲ್ಲ. ಎಲ್ಲರೂ ಮುಗೀತು ಅಂದರು. ಅವನು ತನ್ನ ಕ್ಲಬ್ ಲೆಸ್ಟರ್ ಟೈಗರ್ಸ್‌ಗೆ ಆಡುತ್ತಲೇ ಇದ್ದ. 2023ರಲ್ಲಿ ಮತ್ತೆ ಕರೆದರು. ಆ ವರ್ಷದ ವಿಶ್ವಕಪ್ ಸೆಮಿಫೈನಲ್‌ನಲ್ಲಿ, ಅದೇ ದಕ್ಷಿಣ ಆಫ್ರಿಕಾ ಎದುರು, 36ನೇ ವಯಸ್ಸಿನಲ್ಲಿ ಅವನೇ ಮೊದಲಿಗೆ ಇಳಿದ. ಇಂಗ್ಲೆಂಡ್ ಸೋತದ್ದು 15–16, ಒಂದೇ ಅಂಕಕ್ಕೆ. 2025ರಲ್ಲಿ, 38ಕ್ಕೆ ನಿವೃತ್ತಿ. ಇಂಗ್ಲೆಂಡಿಗೆ ಒಟ್ಟು 118 ಪಂದ್ಯ. ಬೇರೆ ಯಾವ ಜಾಗದ ಆಟಗಾರನಿಗೂ ಇಂಥ ಎರಡನೇ ಬದುಕು ಸುಲಭಕ್ಕೆ ಸಿಗುವುದಿಲ್ಲ.

ಕೆಲಸಕ್ಕೆ ಬೇಡಿಕೆ ಇರುವುದಕ್ಕೆ ನಿಯಮವೂ ಕಾರಣ. ಪಂದ್ಯದ ದಿನ 23 ಜನರ ತಂಡದಲ್ಲಿ ಆರು ಜನ ಮುಂದಿನ ಸಾಲಿಗೆ ತರಬೇತಿ ಪಡೆದವರೇ ಇರಬೇಕು. ಹಾಗಾಗಿ ಕ್ಲಬ್‌ಗಳಿಗೆ ಪ್ರಾಪ್ ಸಾಕಾಗುವುದೇ ಇಲ್ಲ. ಒಳ್ಳೆ ಟೈಟ್‌ಹೆಡ್‌ಗೆ ಫ್ರಾನ್ಸ್‌ನ ಟಾಪ್ 14 ಲೀಗ್ ಕೈತುಂಬ ಕೊಡುತ್ತದೆ. ಆದರೆ ಅದು ಮೇಲಿನವರ ಮಾತು. ಕೆಳಗೆ ನಮ್ಮಂಥವರಿಗೆ ಒಂದು ವರ್ಷ, ಎರಡು ವರ್ಷದ ಕರಾರು. ಕೊನೆಯ ಆರು ತಿಂಗಳು ಮೊಣಕಾಲು ನೋಯುತ್ತಿದ್ದರೂ ನಗುತ್ತಾ ಓಡಾಡಬೇಕು. ದೊಡ್ಡ ಕ್ಲಬ್ ಅಂದರೂ ಭರವಸೆ ಇಲ್ಲ. ಇಂಗ್ಲೆಂಡಿನ ಮೊದಲ ದರ್ಜೆಯಲ್ಲಿದ್ದ ವೂಸ್ಟರ್ ಮತ್ತು ವಾಸ್ಪ್ಸ್ 2022ರಲ್ಲಿ ದಿವಾಳಿಯಾದವು, ಮರುವರ್ಷ ಲಂಡನ್ ಐರಿಷ್. ಆಟಗಾರರು ರಾತ್ರೋರಾತ್ರಿ ಕೆಲಸ ಕಳೆದುಕೊಂಡರು.

ನಿವೃತ್ತಿ ನಂತರ? ನಾನು ಕೊನೆಯ ನಾಲ್ಕು ವರ್ಷ ಸಂಜೆ ಹೊತ್ತು ಲೆಕ್ಕಪತ್ರದ ಕೋರ್ಸ್ ಮಾಡಿದೆ. ಜೊತೆಯವರು ನಕ್ಕರು. ಅವರಲ್ಲಿ ಇಬ್ಬರಿಗೆ ಈಗ ನಾನೇ ತೆರಿಗೆ ಲೆಕ್ಕ ಬರೆದುಕೊಡುತ್ತೇನೆ.

ಪ್ರಶ್ನೆ: ಪ್ರಾಪ್‌ಗಳು ಟ್ರೈ ಹೊಡೆಯುವುದೇ ಇಲ್ವಾ, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವುದೇ ಇಲ್ವಾ?

ಉತ್ತರ: ನ್ಯೂಜಿಲೆಂಡಿನ ಟೈಟ್‌ಹೆಡ್ ಓವನ್ ಫ್ರಾಂಕ್ಸ್ 108 ಟೆಸ್ಟ್ ಆಡಿ ಒಂದೂ ಟ್ರೈ ಹೊಡೆಯಲಿಲ್ಲ. ಅದೇ ತಂಡದ ಲೂಸ್‌ಹೆಡ್ ಟೋನಿ ವುಡ್‌ಕಾಕ್ 2011ರ ವಿಶ್ವಕಪ್ ಫೈನಲ್‌ನಲ್ಲಿ ಲೈನ್‌ಔಟ್‌ನ (ಗೆರೆಯಾಚೆ ಹೋದ ಚೆಂಡನ್ನು ಎರಡು ಸಾಲಿನ ನಡುವೆ ಎಸೆಯುವುದು) ಸಂದಿಯಿಂದ ನುಗ್ಗಿ ಟ್ರೈ ಹೊಡೆದ. ಅವತ್ತು ನ್ಯೂಜಿಲೆಂಡ್ ಹೊಡೆದದ್ದು ಅದೊಂದೇ ಟ್ರೈ, ಗೆದ್ದದ್ದು 8–7. ನನ್ನ ಲೆಕ್ಕ: ಹದಿನಾಲ್ಕು ವರ್ಷಕ್ಕೆ ಮೂರು, ಎಲ್ಲ ಸೇರಿ ಓಡಿದ ದೂರ ನಾಲ್ಕು ಮೀಟರ್ ಇರಬಹುದು.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಇದು ವೃತ್ತಿಯಾಗುತ್ತಾ? ನಾನು ಕಾಲೇಜು ತಂಡದಲ್ಲಿ ಲೂಸ್‌ಹೆಡ್.

ಉತ್ತರ: ಆಗುತ್ತದಮ್ಮ, ಆದರೆ ಬಾಗಿಲು ಇನ್ನೂ ಕಿರಿದು. ಇಂಗ್ಲೆಂಡ್ 2019ರ ಜನವರಿಯಿಂದ 28 ಆಟಗಾರ್ತಿಯರಿಗೆ ಪೂರ್ಣಾವಧಿ ಕರಾರು ಕೊಟ್ಟಿತು. 2025ರ ವಿಶ್ವಕಪ್ ಫೈನಲ್‌ನಲ್ಲಿ ಅವರು ಕೆನಡಾವನ್ನು 33–13ರಿಂದ ಸೋಲಿಸಿದಾಗ ಲಂಡನ್ನಿನ ಟ್ವಿಕೆನ್‌ಹ್ಯಾಮ್ ಮೈದಾನದಲ್ಲಿ 81 ಸಾವಿರಕ್ಕೂ ಹೆಚ್ಚು ಜನ ಇದ್ದರು. ಆ ತಂಡದ ಸಾರಾ ಬರ್ನ್ ಆಟ ಹುಡುಕಿ ನೋಡು. ಹಿಂದಿನ ಸಾಲಿನಿಂದ ಪ್ರಾಪ್ ಜಾಗಕ್ಕೆ ಬಂದವಳು, ಚೆಂಡು ಹಿಡಿದು ಓಡುವಾಗ ಅವಳನ್ನು ತಡೆಯುವುದು ಕಷ್ಟ. ನೀನು ಲೂಸ್‌ಹೆಡ್ ಅಂದಿದ್ದೀಯ, ಸಾಧ್ಯವಾದರೆ ಬಲಗಡೆಯೂ ಕಲಿ. ಎರಡೂ ಕಡೆ ಆಡಬಲ್ಲವಳನ್ನು ಬೆಂಚಿನಲ್ಲಿಡುವುದು ಕೋಚ್‌ಗೆ ಸುಲಭ.

ಪ್ರಶ್ನೆ: ತಲೆಗೆ ಬೀಳುವ ಏಟುಗಳ ಬಗ್ಗೆ ಓದಿದೆ. ನಿಮಗೆ ಭಯ ಆಗಲ್ವಾ?

ಉತ್ತರ: ಆಗುತ್ತೆ. 2003ರ ಫೈನಲ್‌ನಲ್ಲಿ ಇಂಗ್ಲೆಂಡಿನ ಹುಕರ್ ಆಗಿದ್ದ ಸ್ಟೀವ್ ಥಾಂಪ್ಸನ್ 2020ರ ಕೊನೆಯಲ್ಲಿ ತನಗೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಶುರುವಾಗಿದೆ ಅಂತ ಹೇಳಿಕೊಂಡ. ವಯಸ್ಸು 42. ಆ ವಿಶ್ವಕಪ್ ಗೆದ್ದದ್ದೇ ನೆನಪಿಲ್ಲ ಅಂದ. ಅವನೂ ಇನ್ನೂ ಹಲವರೂ ಆಟ ನಡೆಸುವ ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿದ್ದಾರೆ.

ಸ್ಕ್ರಮ್ ಒಂದರಿಂದಲೇ ಹೀಗಾಗುತ್ತೆ ಅಂತ ತಿಳಿಯಬೇಡಿ. ಟ್ಯಾಕಲ್, ನೆಲದ ಮೇಲಿನ ಚೆಂಡಿಗೆ ಮುಗಿಬೀಳುವುದು, ವಾರವಿಡೀ ನಡೆಯುವ ಅಭ್ಯಾಸ, ಎಲ್ಲ ಸೇರುತ್ತೆ. ನಮ್ಮ ಕಾಲದಲ್ಲಿ ಏಟು ಬಿದ್ದರೆ ಮೂಗಿಗೆ ಘಾಟಿನ ಪುಡಿ ಹಿಡಿದು, ಎಷ್ಟು ಬೆರಳು ಅಂತ ಕೇಳಿ, ಸರಿ ಹೋಗು ಅನ್ನುತ್ತಿದ್ದರು. ಒಂದು ಪಂದ್ಯದ ದ್ವಿತೀಯಾರ್ಧ ನನಗೆ ಪೂರ್ತಿ ಖಾಲಿ. ಆಡಿದ್ದೇನೆ, ಫೋಟೊ ಇದೆ. ಈಗ ಅನುಮಾನ ಬಂದರೆ ಹೊರಗೆ ಕರೆದು ಪರೀಕ್ಷೆ ಮಾಡುತ್ತಾರೆ, ಅಲ್ಲಿಯವರೆಗೆ ಬದಲಿ ಆಟಗಾರ ಇಳಿಯುತ್ತಾನೆ. 2024ರಿಂದ ಮೇಲಿನ ಹಂತದಲ್ಲಿ ಏಟಿನ ಜೋರು ಅಳೆಯುವ ಹಲ್ಲುಕವಚವೂ ಬಂದಿದೆ. ನನ್ನ ಹುಡುಗರಲ್ಲಿ ಯಾರಾದರೂ "ಏನಿಲ್ಲ ಸಾರ್, ಆಡ್ತೀನಿ" ಅಂದರೆ ಮೊದಲು ಅವನನ್ನೇ ಕೂರಿಸುತ್ತೇನೆ. ಆ ಮಾತನ್ನು ನಾನೇ ಎಷ್ಟು ಸಲ ಹೇಳಿದ್ದೇನೆ!

ಪ್ರಶ್ನೆ: ಕೊನೆಗೊಂದು ತಮಾಷೆ ಪ್ರಶ್ನೆ. ಅಂಕಣದ ಫೋಟೊದಲ್ಲಿ ನಿಮ್ಮ ಬಲಗಿವಿ ಯಾಕೆ ಹಾಗಿದೆ? ಅಂಗಿಯ ಮೇಲಿನ ಗುಂಡಿ ಯಾಕೆ ಯಾವಾಗಲೂ ಬಿಚ್ಚಿರುತ್ತೆ?

ಉತ್ತರ: ಕಿವಿ ಉಜ್ಜಿ ಉಜ್ಜಿ ಒಳಗೆ ರಕ್ತ ಕಟ್ಟಿಕೊಳ್ಳುತ್ತದೆ. ಬೇಗ ಸೂಜಿಯಲ್ಲಿ ತೆಗೆಸಿ ಒತ್ತಿ ಕಟ್ಟಿದರೆ ಸರಿಹೋಗುತ್ತೆ. ನಾನು ಸೋಮವಾರ ತೆಗೆಸೋಣ ಅಂತ ಬಿಟ್ಟೆ, ಅದು ಹಾಗೇ ಗಟ್ಟಿಯಾಯಿತು. ಫೋನ್ ಎಡಗಿವಿಗೇ ಹಿಡಿಯುತ್ತೇನೆ. ಗುಂಡಿಯ ವಿಷಯ: ಕತ್ತು ಈಗಲೂ 19 ಇಂಚು. ಕತ್ತಿಗೆ ಸರಿಹೋಗುವ ಅಂಗಿ ತಗೊಂಡರೆ ತೋಳು ಬೆರಳು ದಾಟುತ್ತದೆ, ತೋಳಿಗೆ ಸರಿಹೋಗುವುದು ತಗೊಂಡರೆ ಗುಂಡಿ ಹಾಕಲು ಆಗುವುದಿಲ್ಲ. ನನ್ನ ಮದುವೆ ಫೋಟೊದಲ್ಲೂ ಗುಂಡಿ ಬಿಚ್ಚೇ ಇದೆ, ಟೈ ಅದನ್ನು ಮುಚ್ಚಿದೆ ಅಷ್ಟೆ.